ಕೆಂಪು ಹಣ್ಣು ನಡೆಯುವುದಿಲ್ಲ

ಮೊನ್ನೆ ಶಹಾಬಜಾರದ ಓಣಿಯಲ್ಲಿ ಒಂದು ತಳ್ಳುಗಾಡಿಯ ಪಕ್ಕ ಹಾಯುವಾಗ ಮಾಗಿದ ಕೆಂಪು ಬಾಳೆಹಣ್ಣಿನ ವಾಸನೆ ಬಂತು. ಎಲ್ಲರೂ ಆಯಿ ಎನ್ನುತ್ತಿದ್ದ ಕಮಲಾಪುರದ ಮುದುಕಿ ನೆನಪಾದಳು...

ಆಗ ನಾನು ಕಲಬುರಗಿಯ ಹೆಣ್ಣುಮಕ್ಕಳ ಸರ್ಕಾರಿ ಹಾಸ್ಟೆಲೊಂದರ ವಾರ್ಡನ್. ಆಯಿ ತನ್ನ ತೋಟದ ಕೆಂಪು ಬಾಳೆಹಣ್ಣನ್ನು ಬುಟ್ಟಿಗಳಲ್ಲಿ ತುಂಬಿ ಬಸ್ಸಿನಲ್ಲಿ ಅಲ್ಲಿಗೆ ತರುತ್ತಿದ್ದಳು. ಹುಡುಗಿಯರ ಕೈಗೆ ತಾನೇ ಕೊಡಬೇಕು, ತಿನ್ನುವುದನ್ನು ನಿಂತು ನೋಡಬೇಕು. ಆದರೆ ಪ್ರತಿವರ್ಷ ಆರ್ಡರು ಉಳಿಯಬೇಕಾದರೆ ಕಚೇರಿಯ ಗುಮಾಸ್ತನ ಮನೆಗೊಂದು ಗೊನೆ ಹೋಗಲೇಬೇಕಿತ್ತು.

ಖರೀದಿಯೆಲ್ಲ ಇನ್ನು ಆನ್‌ಲೈನ್ ಎಂದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಅವಳೇ.

"ಇನ್ನ ಅವನ ಮನಿ ಬಾಗಲಾ ಕಾಯೋದು ತಪ್ತು ನೋಡ್ರೀ ಅಕ್ಕೋರ!"

ಇಂಟರ್ನೆಟ್ ಅಂಗಡಿಗೆ ಹೋಗಿ ಡಿಜಿಟಲ್ ಸಹಿ ಮಾಡಿಸಿ ಟೆಂಡರ್ ಹಾಕಿದಳು. ಲಾರಿ ಬಾಡಿಗೆಯ ಹೊರೆಯಿಲ್ಲದ ಅವಳ ದರವೇ ಕಡಿಮೆಯಾಗಿ ಆರ್ಡರು ಸಿಕ್ಕಿತು. ಹುಡುಗಿಯರಿಗೆಲ್ಲ ಪೇಢೆ ಹಂಚಿದಳು.

ಮೊದಲ ದಿನ ತಪಾಸಣೆಗೆ ಬಂದ ಅಧಿಕಾರಿ ಬುಟ್ಟಿ ಮುಟ್ಟಲಿಲ್ಲ. ಮೊಬೈಲಿನಲ್ಲಿ ಆರ್ಡರು ನೋಡಿ, "ಇದರಾಗ ಹಳದಿ ಬಾಳೆಹಣ್ಣು ಅಂತ ಅದ. ಕೆಂಪು ನಡ್ಯಂಗಿಲ್ಲ" ಎಂದ.

"ನಮ್ಮ ಕಮಲಾಪುರದ ಹಣ್ಣೇ ಕೆಂಪು ಅದಾವಲ್ರೀ ಸಾಹೇಬ್ರ. ಒಂದ್ ಸುಲಿದು ತಿಂದ್ ನೋಡ್ರೀ."

ಅವನು ತಿನ್ನಲಿಲ್ಲ.

ಆರ್ಡರಿನಲ್ಲಿ ಬಣ್ಣದ ವಿವರ ತಿದ್ದಿರೆಂದು ಮೇಲಿನವರಿಗೆ ಬರೆದೆ. ಆರ್ಡರಾದ ಮೇಲೆ ತಿದ್ದಲು ಬರುವುದಿಲ್ಲ ಎಂಬ ಉತ್ತರ ಬಂತು. ಪೇಟೆಯಿಂದ ಹಳದಿ ಹಣ್ಣು ಕೊಂಡು ತಂದಾದರೂ ಕೊಡು ಎಂದು ಆಯಿಗೆ ಹೇಳಿದೆ.

"ನನ್ನ ಹಣ್ಣಿಗಿ ನಾನೇ ಒಲ್ಲೆ ಅಂದಂಗ ಆಗ್ತದ್ರೀ," ಎಂದಳು.

ಕೊನೆಗೆ ಕರಾರಿನಂತೆ ಪೂರೈಸಲಿಲ್ಲವೆಂದು ಅವಳನ್ನು ಕಪ್ಪುಪಟ್ಟಿಗೆ ಸೇರಿಸಿದರು. ಇನ್ನು ಯಾವ ಸರ್ಕಾರಿ ಟೆಂಡರನ್ನೂ ಹಾಕುವಂತಿರಲಿಲ್ಲ. ಸುದ್ದಿ ಕೇಳಿ ಹಾಸ್ಟೆಲಿನ ಕಟ್ಟೆಯ ಮೇಲೆ ಕೂತಳು.

"ಆ ಗುಮಾಸ್ತ ಇದ್ದಿದ್ರ ಬಾಯಿಗಿ ಬಂದಂಗ ಬೈದು ಬರ್ತಿದ್ದೆ ಅಕ್ಕೋರ. ಈಗ ಯಾರಿಗಿ ಬೈಲಿ?"

ಮತ್ತೆ ಅವಳು ಬರಲಿಲ್ಲ...

ನಿವೃತ್ತಳಾದ ಮೇಲೆ ಒಮ್ಮೆ ಕಮಲಾಪುರಕ್ಕೆ ಹೋದೆ. ಆಯಿ ತೀರಿಕೊಂಡು ವರ್ಷವಾಗಿತ್ತು. ಬಾಳೆ ಕಡಿದು ತೊಗರಿ ಬಿತ್ತಿದ್ದರು. ಸೊಸೆ ಚಹಾ ಕೊಡುತ್ತ, "ಕಡೀತನಕ ನಂದೇನ್ ತಪ್ಪು, ನಂದೇನ್ ತಪ್ಪು ಅಂತಿದ್ರೀ ಅತ್ತಿ" ಎಂದಳು.

ಈಗ ಹಾಸ್ಟೆಲಿಗೆ ಬೇರೆ ಜಿಲ್ಲೆಯ ಗುತ್ತಿಗೆದಾರನಿದ್ದಾನೆ. ಲಾರಿ ಬರುತ್ತದೆ, ಕಾಯಿಯೋ ಕೊಳೆತದ್ದೋ ಇಳಿಸಿ ಹೋಗುತ್ತದೆ. ಯಾರೂ ತಕರಾರು ಎತ್ತುವುದಿಲ್ಲ. ಬಣ್ಣ ಸರಿಯಾಗಿದೆಯಂತೆ.