ನಾನು ಎಡಗಡೆಯ ಕನ್ನಡಿಯಾಗಿದ್ದ ಕಾಲ

ನಾನು ಕೆಲವು ವರ್ಷ ಕನ್ನಡಿಯಾಗಿದ್ದೆ. ಎಡಗಡೆಯದು. ಬಲಗಡೆಗೆ ನಿಜವಾದ ಕನ್ನಡಿಯೇ ಇತ್ತು. ಅದರಲ್ಲಿ ಡ್ರೈವರ್ ಪುಟ್ಟಸ್ವಾಮಿಯ ಕ್ರಾಪು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲವಾದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ನಗುತ್ತೀರಿ ಅಂತ ಗೊತ್ತು, ನಗಿ. ನಾನು ಮರಳವಾಡಿ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಮನೆ ಕನಕಪುರದಲ್ಲಿ. ಸರ್ಕಾರಿ ಬಸ್ಸು ಇಲ್ಲವೆಂದಲ್ಲ, ಇದೆ. ಆದರೆ ಅದು ಸ್ಕೂಲಿನ ಹತ್ತಿರ ಬರುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತದೆ, ನಮ್ಮ ಹೆಡ್ ಮೇಡಂ ಗೇಟಿನ ಬಳಿ ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಾರೆ. ಹಾಗಾಗಿ ಪುಟ್ಟಸ್ವಾಮಿಯ ವ್ಯಾನೇ ಗತಿ. ಆ ವ್ಯಾನಿಗೆ ಇಂಜಿನ್ ಇತ್ತು, ನಾಲ್ಕು ಚಕ್ರ ಇತ್ತು, ಮುಂದಿನ ಗಾಜಿನ ಅರ್ಧ ಮುಚ್ಚುವಷ್ಟು ದೊಡ್ಡದಾಗಿ ಮನೆದೇವರ ಹೆಸರಿತ್ತು. ಉಳಿದದ್ದೆಲ್ಲ ನಾವೇ.

ಬಾಗಿಲು ನಿಂಗಮ್ಮ. ಅರವತ್ತು ದಾಟಿದ ಗಟ್ಟಿ ಹೆಂಗಸು, ಹೂವಿನ ವ್ಯಾಪಾರ. ಬಾಗಿಲಿನ ಚಿಲಕ ಎಂದೋ ಉದುರಿಹೋಗಿ ಅಲ್ಲೊಂದು ಹಗ್ಗ ಬಂದಿತ್ತು. ಹಗ್ಗದ ತುದಿಯನ್ನು ಮುಂಗೈಗೆ ಸುತ್ತಿಕೊಂಡು, ಹಸು ಹಿಡಿದುಕೊಂಡ ಹಾಗೆ ಆಕೆ ದಾರಿಯುದ್ದಕ್ಕೂ ಬಾಗಿಲು ಹಿಡಿದಿರುತ್ತಿದ್ದಳು. ಹಾರ್ನು, ಹಾರೋಹಳ್ಳಿ ಫ್ಯಾಕ್ಟರಿಗೆ ಹೋಗುವ ಲೋಕೇಶ. ಅವನ ‘ಓಯ್’ನಲ್ಲಿ ಮೂರು ಬಗೆ: ಎಮ್ಮೆಗೊಂದು, ಬೈಕಿನವರಿಗೊಂದು, ಹೆಣ ಒಯ್ಯುವವರು ಎದುರಾದರೆ ಮೆತ್ತಗೆ ಇನ್ನೊಂದು. ಬ್ರೇಕು ಕುರಿ ಸಾಕುವ ಸಿದ್ದೇಗೌಡರು. ವ್ಯಾನಿಗೆ ಬ್ರೇಕೇ ಇರಲಿಲ್ಲ ಎಂದರೆ ನಾಲಿಗೆಗೆ ಹುಳ ಬಿದ್ದೀತು. ಇತ್ತು, ತುಳಿದ ಮೇಲೆ ನಿಲ್ಲಲೋ ಬೇಡವೋ ಎಂದು ಸ್ವಲ್ಪ ಹೊತ್ತು ಯೋಚಿಸುತ್ತಿತ್ತು. ಏರಿನಲ್ಲಿ ನಿಲ್ಲಿಸಬೇಕಾಗಿ ಬಂದರೆ ಸಿದ್ದೇಗೌಡರು ಇದಕ್ಕೆಂದೇ ಸದಾ ತೊಡೆಯ ಮೇಲೆ ಇಟ್ಟುಕೊಂಡಿರುತ್ತಿದ್ದ ಕಲ್ಲು ಎತ್ತಿಕೊಂಡು ಪಂಚೆ ಮೇಲೆತ್ತಿ ಧುಮುಕಿ ಚಕ್ರದ ಹಿಂದಕ್ಕೆ ಇಡುತ್ತಿದ್ದರು. ಅವರು ಬೀಗರೂಟಕ್ಕೆಂದು ಮಾಗಡಿಗೆ ಹೋದ ದಿನ ನಾವೆಲ್ಲ ಆ ಏರನ್ನು ನಡೆದೇ ಹತ್ತಿದೆವು.

ದೇಹವೇ ರಥ, ಆತ್ಮವೇ ರಥಿಕ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಮ್ಮಲ್ಲಿ ಅದು ಉಲ್ಟಾ ಹೊಡೆದು ರಥಕ್ಕೆ ನಾವೇ ದೇಹವಾಗಿದ್ದೆವು. ನಮ್ಮ ತಾತನ ಎತ್ತಿನ ಗಾಡಿ ನೆನಪಾಗುತ್ತದೆ. ಚಕ್ರ ಕಳಚದಂತೆ ಅಚ್ಚಿಗೆ ಹಾಕುವ ಕಡಾಣಿಯನ್ನು ಕೈಯಾರೆ ಮುಟ್ಟಿ ನೋಡದೆ ಆತ ಗಾಡಿ ಹೂಡಿದವನಲ್ಲ. ಎತ್ತಿಗೆ ಕಣ್ಣಿತ್ತು, ಕಿವಿಯಿತ್ತು, ಹಳ್ಳ ಕಂಡರೆ ತಾನೇ ನಿಲ್ಲುವ ಬುದ್ಧಿಯಿತ್ತು. ಅಂಥ ಗಾಡಿಯನ್ನೂ ದಿನಾ ಪರೀಕ್ಷೆ ಮಾಡುತ್ತಿದ್ದ ತಾತನ ಮೊಮ್ಮಗಳು ನಾನು. ಅತ್ತ ಬಿಡದಿಯಲ್ಲಿ ಥಳಥಳ ಹೊಸ ಕಾರುಗಳು ತಯಾರಾಗುತ್ತವೆ. ಚನ್ನಪಟ್ಟಣದ ಮರದ ಆಟಿಕೆ ಕಾರಿನಲ್ಲೂ ನಾಲ್ಕು ಚಕ್ರ ಒಂದೇ ದಿಕ್ಕಿಗೆ ಉರುಳುತ್ತವೆ. ನಮ್ಮ ಜಿಲ್ಲೆಯವರಿಗೆ ವಾಹನ ಹೇಗಿರಬೇಕೆಂದು ಗೊತ್ತಿಲ್ಲವೆನ್ನುವ ಹಾಗಿಲ್ಲ.

ಭಯ ಆಗುತ್ತಿರಲಿಲ್ಲವೇ ಅಂತೀರಾ? ಕೆಲಸವಿದ್ದವರಿಗೆ ಭಯಪಡಲು ಪುರಸೊತ್ತೆಲ್ಲಿ? “ಹಿಂದೆ ಏನಾರಾ ಬತ್ತಾ ಐತಾ ಮೇಡಂ?” ಎಂದು ಪುಟ್ಟಸ್ವಾಮಿ ಕೇಳಿದಾಗೆಲ್ಲ ಕತ್ತು ಹೊರಹಾಕಿ ನೋಡಿ “ಏನಿಲ್ಲ, ತಿರುಗಿಸು” ಎನ್ನುವುದರಲ್ಲಿ ನನಗೆ ಎಂಥ ಜಂಬ! ಒಂದು ಸಲ ಜಲ್ಲಿ ತುಂಬಿದ ಟಿಪ್ಪರೊಂದು ಎಡಗಡೆಯಿಂದಲೇ ನುಗ್ಗಿ ನನ್ನ ಮೂಗನ್ನು ಸವರಿಕೊಂಡೇ ಹೋಯಿತು. ನಾನು ಒಳಗೆ ಕುಸಿದು ಕೂತರೆ ಪುಟ್ಟಸ್ವಾಮಿ ತಿರುಗಿಯೂ ನೋಡದೆ, “ಕನ್ನಡೀನ ಒಸಿ ಒಳಿಕ್ಕೆ ಮಡಿಸ್ಕಳಿ ಮೇಡಂ” ಅಂದ. ನಾನು ಮಡಿಸಿಕೊಂಡೆ.

ಹೀಗಿರುವಾಗ ಎಫ್‌ಸಿ ಮಾಡಿಸುವ ಸಮಯ ಬಂತು. ವಾಹನ ರಸ್ತೆಗೆ ಯೋಗ್ಯವೋ ಅಲ್ಲವೋ ಎಂದು ಸರ್ಕಾರ ನೋಡಿ ಕೊಡುವ ಫಿಟ್‌ನೆಸ್ ಸರ್ಟಿಫಿಕೇಟು. ಅದು ಸಿಗದಿದ್ದರೆ ಪುಟ್ಟಸ್ವಾಮಿಗೆ ಅನ್ನವಿಲ್ಲ, ನಮಗೆ ಸವಾರಿಯಿಲ್ಲ. ರಾಮನಗರಕ್ಕೆ ಗಾಡಿ ಒಯ್ಯುವ ಹಿಂದಿನ ದಿನ ಅವನು ನಮ್ಮೆದುರು ಕೈಮುಗಿದು ನಿಂತ. “ನೀವೆಲ್ಲ ಬರ್ಬೇಕು. ನೀವಿಲ್ದೆ ಇದು ಬರೀ ತಗಡು.” ನಾವೆಲ್ಲ ಹೆಮ್ಮೆಯಿಂದ ಉಬ್ಬಿ ರಜಾ ಹಾಕಿ ಹೊರಟೆವು. ಒಬ್ಬರಿಗಾದರೂ ಇದು ಹುಚ್ಚಾಟ ಅನ್ನಿಸಬೇಕಲ್ಲ, ಊಹ್ಞೂಂ!

ಪರೀಕ್ಷಿಸಲು ಬಂದ ಇನ್‌ಸ್ಪೆಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. “ಎಡಗಡೆ ಕನ್ನಡಿ ಎಲ್ಲಿ?” ಎಂದರು.

“ಅಗೋ, ಆ ಮೇಡಂನೋರು” ಎಂದು ಪುಟ್ಟಸ್ವಾಮಿ ನನ್ನತ್ತ ಕೈ ತೋರಿಸಿದ. ನಾನು ಸೆರಗು ಸರಿಮಾಡಿಕೊಂಡು ಕತ್ತು ಹೊರಹಾಕಿ ತೋರಿಸಿದೆ. ಹಾರ್ನ್ ಎಂದಾಗ ಲೋಕೇಶ ಮೂರೂ ಬಗೆಯನ್ನು ಕೂಗಿದ. ಹಿಂದೆ ಸಾಲಿನಲ್ಲಿದ್ದ ಲಾರಿಯವನು ಗಾಬರಿಯಾಗಿ ಪಕ್ಕಕ್ಕೆ ಸರಿದ. ನಿಂಗಮ್ಮ ಹಗ್ಗ ಜಗ್ಗಿ ಬಾಗಿಲು ಹಾಕಿ ತೆಗೆದಳು. ಹ್ಯಾಂಡ್ ಬ್ರೇಕ್ ಎಂದಾಗ ಸಿದ್ದೇಗೌಡರು ಕಲ್ಲನ್ನು ಎರಡು ಕೈಯಲ್ಲೂ ಎತ್ತಿ ಹಿಡಿದು, “ಹೊಸ್ದು ಕಣವ್ವ. ಹೋದ್ ವಾರ ಹೊಳೇಲಿ ಆರ್ಸಿ ತಂದಿದ್ದು” ಅಂದರು.

ಆಕೆ ನಗಲಿಲ್ಲ, ರೇಗಲೂ ಇಲ್ಲ. ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು. ಆಮೇಲೆ ಪುಟ್ಟಸ್ವಾಮಿಯನ್ನು ಕೇಳಿದರು. “ನಿಮಗೆ ಮಕ್ಕಳಿದಾರಾ?”

“ಒಬ್ಳು ಮಗಳು ಮೇಡಂ. ಕಾವ್ಯ ಅಂತ. ಈ ಟೀಚರಮ್ಮನ ಸ್ಕೂಲೇ, ಎಂಟ್ನೇ ಕ್ಲಾಸು.”

“ಈ ವ್ಯಾನಲ್ಲೇ ಸ್ಕೂಲಿಗೆ ಹೋಗ್ತಾಳಾ?”

“ಇದ್ರಲ್ಲಾ? ಅಯ್ಯೋ, ಎಲ್ಲಾರಾ ಉಂಟಾ! ಬಸ್ಸಲ್ಲಿ ಹೋಯ್ತಾಳೆ. ಇರಾದೇ ಒಬ್ಳು ಮಗಳು ಮೇಡಂ.”

ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವನಿಗೇ ತಿಳಿಯಿತು. ಸಿದ್ದೇಗೌಡರು ಕಲ್ಲನ್ನು ಮೆಲ್ಲಗೆ ಕೆಳಗಿಟ್ಟರು. ಆ ಕಾವ್ಯ ದಿನಾ ಪ್ರಾರ್ಥನೆಗೆ ತಡವಾಗಿ ಬರುತ್ತಾಳೆ, ನಾನು ದಿನಾ ಬೈಯುತ್ತೇನೆ, ಅಪ್ಪನ ವ್ಯಾನ್ ಇದ್ದೂ ಈ ಹುಡುಗಿಗೇನು ಧಾಡಿ ಎಂದುಕೊಳ್ಳುತ್ತೇನೆ!

ನಿಂಗಮ್ಮ ಮುಂಗೈಯಿಂದ ಹಗ್ಗ ಬಿಚ್ಚಿ ಕೆಳಗಿಳಿದಳು. ಸೊಂಟ ನೆಟ್ಟಗೆ ಮಾಡಿಕೊಂಡು ಹೇಳಿದಳು. “ನಮ್ಮವ್ವಂಗೂ ನಾನೊಬ್ಳೇ ಕಣ್ಲಾ, ಪುಟ್ಟಸ್ವಾಮಿ.”

ಎಫ್‌ಸಿ ಸಿಗಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ನಾವು ಬಸ್ಸಿನಲ್ಲಿ ಮನೆಗೆ ಬಂದೆವು. ವ್ಯಾನು ಗ್ಯಾರೇಜ್ ಸೇರಿತು. ಮಳೆಗಾಲ ಮುಗಿಯುವವರೆಗೂ ನಾನೂ ಕಾವ್ಯಳೂ ಒಂದೇ ಬಸ್ಸಿನಲ್ಲಿ ತಡವಾಗಿ ಹೋಗಿ, ಒಟ್ಟಿಗೆ ಹೆಡ್ ಮೇಡಂ ಹತ್ತಿರ ಬೈಸಿಕೊಂಡೆವು.

ಆಮೇಲೊಂದು ಬೆಳಿಗ್ಗೆ ಕನ್ನಡಿ, ಹಾರ್ನು, ಚಿಲಕ, ಬ್ರೇಕು ಎಲ್ಲ ಹಾಕಿಸಿಕೊಂಡು, ಎಫ್‌ಸಿ ಪಡೆದುಕೊಂಡು ಮದುವಣಗಿತ್ತಿಯಂತೆ ವ್ಯಾನು ಬಂತು. ಪುಟ್ಟಸ್ವಾಮಿ ಸರ್ಟಿಫಿಕೇಟನ್ನು ನಮ್ಮ ಮುಖದ ಮುಂದೆ ಹಿಡಿದ. ನಾವು ಯಾರೂ ಅದನ್ನು ಓದಲಿಲ್ಲ. ಮುಂದಿನ ಸೀಟಿನಲ್ಲಿ ಬೆಲ್ಟು ಬಿಗಿದುಕೊಂಡು, ಎರಡು ಜಡೆಗೂ ರಿಬ್ಬನ್ ಕಟ್ಟಿಕೊಂಡು ಕಾವ್ಯ ಕೂತಿದ್ದಳು. ಅವಳನ್ನು ನೋಡಿ ಹತ್ತಿದೆವು. ಅಂದಿನಿಂದ ಅದೇ ರೂಢಿ.

ಮೊನ್ನೆ ಸೋಮವಾರ ವ್ಯಾನು ಬಂದು ನಿಂತಿತು, ಮುಂದಿನ ಸೀಟು ಖಾಲಿ. ನಾವು ಇದ್ದಲ್ಲೇ ನಿಂತೆವು.

“ಹತ್ಕಳ್ರಪ್ಪಾ, ಟೈಮಾಯ್ತು” ಅಂದ ಪುಟ್ಟಸ್ವಾಮಿ.

“ಮಗು ಎಲ್ಲಪ್ಪ?” ಅಂದರು ಸಿದ್ದೇಗೌಡರು.

“ಜ್ವರ ಕಣಣ್ಣೋ! ನಿಜವಾಗ್ಲೂ ಜ್ವರ! ಬ್ರೇಕು ಚೆನ್ನಾಗೈತೆ, ನೋಡಿ ಬೇಕಾದ್ರೆ!” ಅವನು ಬ್ರೇಕು ತುಳಿದು ತೋರಿಸಿದ, ಹಾರ್ನು ಬಾರಿಸಿದ, ದೇವರ ಮೇಲೆ ಆಣೆಯಿಟ್ಟ. ರಜಾ ಚೀಟಿ ಕೊಟ್ಟಿದ್ದಾಳಾ ಎಂದು ನಾನು ಕೇಳಿದ್ದಕ್ಕೆ ಅವನು ಅಳುವುದೊಂದು ಬಾಕಿ.

“ಪಾಪ, ಮಗೀಗೆ ವಾಸಿಯಾಗ್ಲಿ ಬುಡು” ಎಂದಳು ನಿಂಗಮ್ಮ, ಹೂವಿನ ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಳ್ಳುತ್ತಾ. “ಆಮ್ಯಾಕೆ ಬತ್ತೀವಿ.”

ನಾವು ಬಸ್ಸಿಗೆ ಕಾದೆವು.