ಕುದುರೆಗೂ ನನಗೂ ಇದ್ದ ನೆಗಡಿ

ನಾನು ಮದುವೆಯಾಗಿ ಬಂದ ಮೊದಲ ವರ್ಷ ಆ ಮನೆಯಲ್ಲಿ ಇಬ್ಬರಿಗೆ ಬಿಡದ ನೆಗಡಿ. ಒಂದು ನನಗೆ, ಇನ್ನೊಂದು ಮಾವನ ಜಟಕಾ ಕುದುರೆಗೆ. ಕುದುರೆಯದು ನೆಗಡಿಯೇ ಎಂದು ಮಾವ ನಂಬಿದ್ದರು. ನನ್ನದು ನೆಗಡಿಯಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ.

ನನಗಿದ್ದದ್ದು ಉಬ್ಬಸ. ಮಾರಂಡಹಳ್ಳಿಯ ತವರಿನಲ್ಲಿ ಚಿಕ್ಕಂದಿನಿಂದಲೂ ಇತ್ತು. ಗಂಡಿನವರು ನೋಡಲು ಬಂದ ದಿನ ಅವ್ವ ನನ್ನನ್ನು ಒಲೆಯ ಹೊಗೆಯಿಂದ ದೂರ ಕೂರಿಸಿ, "ಯಾರಾದ್ರೂ ಕೇಳಿದ್ರೆ ನೆಗಡಿ ಅನ್ನು. ಉಬ್ಬಸ ಅಂತ ಬಾಯಿ ಬಿಟ್ಟೆಯೋ, ಮಾರನೇ ದಿನದ ರೈಲಲ್ಲೇ ವಾಪಸ್ ಕಳಿಸ್ತಾರೆ" ಎಂದಿದ್ದಳು. ಧರ್ಮಪುರಿಯಿಂದ ನಮ್ಮೂರಿಗೆ ಆಗ ಪುಟ್ಟ ರೈಲು ಓಡುತ್ತಿತ್ತು. ಹಾಗಾಗಿ ಕಳಿಸುವವರಿಗೆ ಯಾವ ತೊಂದರೆಯೂ ಇರಲಿಲ್ಲ.

ಅದು ಮೆಟ್ಟೂರು ಅಣೆಯ ಕೆಲಸ ಮುಗಿಯುತ್ತ ಬಂದ ಕಾಲ. ನನ್ನ ಗಂಡ ಅಲ್ಲಿ ಕೆಲಸಕ್ಕಿದ್ದು, ಮನೆಗೆ ಬರುತ್ತಿದ್ದದ್ದು ತಿಂಗಳಿಗೊಮ್ಮೆ. ಅದಿಯಮಾನ್‌ಕೋಟೆಯ ಮನೆಯಲ್ಲಿ ಉಳಿದವರು ಅತ್ತೆ, ಮಾವ, ನಾನು, ಕುದುರೆ. ಮಾವ ಧರ್ಮಪುರಿ ಸ್ಟೇಷನ್ನಿಗೆ ಜಟಕಾ ಹೊಡೆಯುತ್ತಿದ್ದರು. ಮಾತು ಕಡಿಮೆ, ಇದ್ದ ಮಾತಿನಲ್ಲಿ ಮುಕ್ಕಾಲು ಪಾಲು ಕುದುರೆಗೆ. ಬೆಳಿಗ್ಗೆ ಎದ್ದವರೇ ಲಾಯಕ್ಕೆ ಹೋಗಿ, ಅದರ ಕುತ್ತಿಗೆ ಸವರಿ, "ಎಂಗಿದ್ದೀಯಪ್ಪಾ?" ಎಂದು ಕೇಳಿದ ಮೇಲೇ ಮುಖ ತೊಳೆಯುವುದು. ಮನೆಯ ಮನುಷ್ಯರನ್ನು ಅವರು ಹಾಗೆ ಕೇಳಿದ್ದನ್ನು ನಾನು ಕಂಡಿರಲಿಲ್ಲ. ನನಗೆ ಆ ಕುದುರೆಯ ಮೇಲೆ ಸ್ವಲ್ಪ ಹೊಟ್ಟೆಕಿಚ್ಚಿತ್ತು, ಸುಳ್ಳು ಯಾಕೆ ಹೇಳಲಿ.

ಸೇಲಂನಲ್ಲಿ ಸುಳಿ ನೋಡಿ ತಂದ ಕುದುರೆ ಅದು. ಸುಳಿಗಿಂತ ಹೆಚ್ಚಾಗಿ ಮಾವನಿಗೆ ಹಿಡಿಸಿದ್ದು ಅದರ ಹೊಟ್ಟೆಯ ಮೇಲಿದ್ದ ಗೆರೆ. ಎರಡೂ ಮಗ್ಗುಲಲ್ಲಿ, ಪಕ್ಕೆಲುಬು ಮುಗಿಯುವ ಕಡೆ, ಮುಂದಿನಿಂದ ಹಿಂದಕ್ಕೆ ಓರೆಯಾಗಿ ಏರುತ್ತಿದ್ದ ಒಂದು ಸಣ್ಣ ತಗ್ಗು. "ಅದೃಷ್ಟದ ಗೆರೆ. ಎಲ್ಲಾ ಕುದ್ರೆಗೂ ಇರಾಕಿಲ್ಲ" ಎನ್ನುವರು. ಮನೆಗೆ ಬಂದ ನೆಂಟರೆಲ್ಲ ಕಾಪಿ ಕುಡಿಯುವ ಮೊದಲು ಲಾಯಕ್ಕೆ ಹೋಗಿ ಆ ಗೆರೆಯ ಮೇಲೆ ಬೆರಳಾಡಿಸಿ ಬರಬೇಕಿತ್ತು.

ಆ ವರ್ಷ ಮಳೆ ಬಿಡದೆ ಹೊಡೆದು, ಲಾಯದ ಅಟ್ಟದಲ್ಲಿ ತುಂಬಿದ್ದ ರಾಗಿ ಹುಲ್ಲು ನೆನೆದು ಮುಗ್ಗಲು ಹಿಡಿಯಿತು. ಕುದುರೆ ಕೆಮ್ಮತೊಡಗಿತು. ಮೂಗಿನಲ್ಲಿ ಬಿಳಿ ಸಿಂಬಳ, ಹೊಳ್ಳೆ ಸದಾ ಅಗಲ. ಶೀತ ಜಾಸ್ತಿಯಾಗಿದೆ ಎಂದು ಮಾವ ಲಾಯದ ಬಾಗಿಲಿಗೆ ಗೋಣಿತಾಟು ಕಟ್ಟಿದರು, ಓಮದ ಹೊಗೆ ಹಾಕಿದರು, ಬೆಚ್ಚಗಿರಲಿ ಎಂದು ಕಾಲಡಿಗೆ ಇನ್ನಷ್ಟು ಹುಲ್ಲು ಹರಡಿದರು. ಅಲ್ಲಿ ಕಸ ಗುಡಿಸುವ ಕೆಲಸ ನನ್ನದು. ನಾಲ್ಕು ಸಲ ಪೊರಕೆ ಆಡಿಸುವಷ್ಟರಲ್ಲಿ ನನ್ನ ಎದೆಯೂ ಸೀಟಿ ಊದಲು ಶುರುಮಾಡುತ್ತಿತ್ತು. ಹಿತ್ತಲಿಗೆ ಓಡಿ ಬಾವಿಕಟ್ಟೆ ಹಿಡಿದು ನಿಲ್ಲುತ್ತಿದ್ದೆ. ಅತ್ತೆ ಇಣುಕಿ, "ಮತ್ತೆ ನೆಗಡಿಯಾ?" ಎನ್ನುವರು. ಹೂಂ ಎನ್ನುವೆ.

ಸ್ಟೇಷನ್ನಿನ ಬಳಿ ಉಳಿದ ಜಟಕಾದವರು ನಮ್ಮ ಕುದುರೆಯನ್ನು ನೀರಿನ ತೊಟ್ಟಿಯ ಹತ್ತಿರ ಬಿಡದಾದರು. ಗ್ಲ್ಯಾಂಡರ್ಸ್ ಇರಬೇಕು ಎಂದು ಗುಸುಗುಸು. ಅದು ಕುದುರೆಯಿಂದ ಕುದುರೆಗೆ ಹರಡುವ, ಮೂಗಿನಲ್ಲಿ ಹುಣ್ಣಾಗುವ ರೋಗ. ಮನುಷ್ಯರಿಗೂ ಅಂಟುತ್ತದೆ. ಬಂತೆಂದರೆ ಸರ್ಕಾರದವರು ಕುದುರೆಗೆ ಗುಂಡು ಹಾಕಬೇಕು, ಕಾನೂನೇ ಹಾಗಿತ್ತು.

ದನದ ಡಾಕ್ಟರು ಸೈಕಲ್ಲಿನಲ್ಲಿ ಬಂದರು. ತಮಿಳಿನವರು, ಇನ್ನೂ ಚಿಕ್ಕ ವಯಸ್ಸು, ಗಂಭೀರ ಮುಖ. ಕುದುರೆಯ ಮೂಗು ನೋಡಿ, ಎದೆಗೆ ಕಿವಿಯಿಟ್ಟು, ಕಣ್ಣಿನ ಕೆಳರೆಪ್ಪೆಗೆ ಒಂದು ಸೂಜಿ ಚುಚ್ಚಿದರು. ಎರಡು ದಿನದಲ್ಲಿ ರೆಪ್ಪೆ ಊದಿಕೊಂಡರೆ ಆ ರೋಗ ಇದೆ ಎಂದು ಅರ್ಥ, ಊದದಿದ್ದರೆ ಇಲ್ಲ. ಅಲ್ಲಿಯವರೆಗೆ ಕುದುರೆಯನ್ನು ಲಾಯದಿಂದ ಹೊರಗೆ ದೂರ ಕಟ್ಟಬೇಕು, ಲಾಯದ ಹುಲ್ಲು ಮುಟ್ಟಬಾರದು ಎಂದು ಹೇಳಿ ಹೋದರು. ಮಾವ ಅವತ್ತು ಊಟಕ್ಕೆ ಕೂತು, ತುತ್ತು ಮುರಿದು, ಹಾಗೇ ಎದ್ದುಬಿಟ್ಟರು.

ಕುದುರೆಯನ್ನು ಹೊಲದಂಚಿನ ಹುಣಸೆಮರಕ್ಕೆ ಕಟ್ಟಿದ್ದಾಯಿತು. ಮಾವ ತಾವೇ ಗರಿಕೆ ಕೊಯ್ದು ಹಾಕಿದರು. ನೀರು ಹೊತ್ತುಕೊಂಡು ಹೋಗುತ್ತಿದ್ದವಳು ನಾನು. ಮೊದಲ ದಿನ ನೋಡಿದೆ: ಅದು ಉಸಿರನ್ನು ಎಳೆದುಕೊಳ್ಳುವುದು ಸಲೀಸು, ಬಿಡುವುದೇ ಕಷ್ಟ. ಅರ್ಧ ಬಿಟ್ಟು, ತಡೆದು, ಹೊಟ್ಟೆ ಒತ್ತಿ ಉಳಿದರ್ಧ ತಳ್ಳುತ್ತಿತ್ತು. ಒತ್ತಿದಾಗೆಲ್ಲ ಆ ಅದೃಷ್ಟದ ಗೆರೆ ಒಳಕ್ಕೆ ಇಳಿಯುತ್ತಿತ್ತು. ನಾನು ಬಾವಿಕಟ್ಟೆ ಹಿಡಿದು ಮಾಡುತ್ತಿದ್ದದ್ದೂ ಇದೇ ಕೆಲಸ. ಮರುದಿನ ಸಂಜೆಯ ಹೊತ್ತಿಗೆ ಕೆಮ್ಮು ನಿಂತು, ಉಸಿರು ಒಂದೇ ಸಲಕ್ಕೆ ಹೊರಗೆ ಬರತೊಡಗಿತು. ಇದರ ರೋಗ ನನಗೆ ಅಲ್ಲೇ ತಿಳಿದುಹೋಯಿತು. ಬಾಯಿ ಮಾತ್ರ ಬಿಡಲಿಲ್ಲ.

ಮೂರನೇ ದಿನ ಡಾಕ್ಟರು ಬಂದು ರೆಪ್ಪೆ ಬಿಡಿಸಿ ನೋಡಿದರು. ಊತ ಇರಲಿಲ್ಲ. ಮಾವ ಹೆಗಲ ಮೇಲಿನ ಟವಲನ್ನು ಮುಖಕ್ಕೆ ಒತ್ತಿಕೊಂಡರು. ಆಮೇಲೆ, "ಬಾರಪ್ಪಾ, ಮನೆಗೆ ಓಗುವಾ" ಎಂದು ಹಗ್ಗ ಬಿಚ್ಚಿ ಲಾಯದತ್ತ ಹೊರಟರು. ಕೈ ತೊಳೆಯುತ್ತಿದ್ದ ಡಾಕ್ಟರು, ಅವತ್ತು ಕೇಳಿದ ಎದೆ ಚೆನ್ನಾಗಿರಲಿಲ್ಲ, ಅದು ಮತ್ತೆ ಹಾಗೇ ಆದರೆ ಶ್ವಾಸಕೋಶ ಕೆಟ್ಟಿದೆ ಎಂದೇ ಲೆಕ್ಕ, ಆಗ ಗುಂಡೇ ದಾರಿ ಎಂದರು.

ನಮ್ಮಲ್ಲಿ ಸೊಸೆ ಮಾವನ ಹತ್ತಿರ ನೇರ ಮಾತಾಡುವಂತಿರಲಿಲ್ಲ. ನಾನು ಬಾಗಿಲ ಹಿಂದಿನಿಂದ, "ಅತ್ತೆ, ಅದನ್ನ ಒಳಕ್ಕೆ ಕಟ್ಬೇಡಿ ಅನ್ನಿ" ಎಂದೆ. ಅತ್ತೆ ಮಾವನಿಗೆ, "ಒಳಕ್ಕೆ ಕಟ್ಬಾರ್ದಂತೆ" ಎಂದರು. ಮಾವ ಡಾಕ್ಟರಿಗೆ ಅದನ್ನೇ ತಮಿಳಿನಲ್ಲಿ, "ಉಳ್ಳೇ ಕಟ್ಟಕ್ಕೂಡಾದಾಂ" ಎಂದರು. ಯಾಕೆ ಎಂಬ ಪ್ರಶ್ನೆ ಅದೇ ದಾರಿಯಲ್ಲಿ ವಾಪಸ್ ಬಂತು. ಆ ಹುಲ್ಲಿನ ಧೂಳಿಗೇ ಅದಕ್ಕೆ ಉಸಿರು ಕಟ್ಟುವುದು, ಬಯಲಲ್ಲಿ ಬಿಟ್ಟರೆ ಸರಿಹೋಗುತ್ತದೆ, ಎರಡು ದಿನ ನೋಡಿದ್ದೇನೆ ಎಂದು ನಾನು ಉದ್ದಕ್ಕೆ ಹೇಳಿದೆ. ಅದು ಡಾಕ್ಟರ ಕಿವಿ ಮುಟ್ಟುವಾಗ, ಕುದುರೆಗೆ ಹುಲ್ಲು ಸೇರುವುದಿಲ್ಲವಂತೆ ಎಂದಷ್ಟೇ ಉಳಿದಿತ್ತು. ಡಾಕ್ಟರು ನಕ್ಕು, ಅವರಿಗೆ ಹೇಗೆ ಗೊತ್ತು ಎಂದು ಕೇಳಿದರು. ಅತ್ತೆ ನನ್ನ ಕಡೆ ತಿರುಗಿದರು. "ನಿಂಗೆಂಗೆ ಗೊತ್ತು?"

ಅಷ್ಟರಲ್ಲಿ ಕುದುರೆಯ ತಲೆ ಗೋಣಿತಾಟಿನ ಒಳಗೆ ಹೋಗಿತ್ತು. ನನಗೆ ಮಾರಂಡಹಳ್ಳಿ ರೈಲು ಕಣ್ಣ ಮುಂದೆ ಬಂತು. ಜೊತೆಗೆ ಸಿಟ್ಟೂ ಬಂತು, ಯಾರ ಮೇಲೆ ಎಂದು ಈಗಲೂ ಗೊತ್ತಿಲ್ಲ. ಬಾಗಿಲು ದಾಟಿ ಬಂದು, ಅತ್ತೆಯನ್ನೂ ಮಾವನನ್ನೂ ಬಿಟ್ಟು, ನೇರ ಡಾಕ್ಟರಿಗೇ ತಮಿಳಿನಲ್ಲಿ ಹೇಳಿದೆ: "ಎನಕ್ಕುಂ ಇಳೈಪ್ಪು ಇರುಕ್ಕು."

ನನಗೂ ಉಬ್ಬಸ ಇದೆ. ಅತ್ತೆ ಕೆನ್ನೆಯ ಮೇಲೆ ಕೈಯಿಟ್ಟುಕೊಂಡರು. ಮಾವ ಹಗ್ಗ ಜಗ್ಗಿ ಕುದುರೆಯನ್ನು ತಡೆದರು.

ಡಾಕ್ಟರು ಮಾತ್ರ ಸೈಕಲ್ಲನ್ನು ಗೋಡೆಗೆ ಒರಗಿಸಿ ಬಂದು ಒಂದೊಂದೇ ಕೇಳಿದರು. ಯಾವ ಕಾಲದಲ್ಲಿ ಜಾಸ್ತಿ? ಜ್ವರ ಇರುತ್ತದೆಯೇ? ಕಷ್ಟ ಎಳೆದುಕೊಳ್ಳುವಾಗಲೋ ಬಿಡುವಾಗಲೋ? ನಾನು ಹೇಳುತ್ತ ಹೋದೆ. ಎಷ್ಟು ನನ್ನದು, ಎಷ್ಟು ಕುದುರೆಯದು ಎಂದು ಅರ್ಧದಲ್ಲೇ ಕಲಸಿಹೋಯಿತು. ಅವರಿಗೇನೂ ಅಡ್ಡಿಯಾದಂತೆ ಕಾಣಲಿಲ್ಲ.

ಆಮೇಲೆ ಅವರು, ಈ ಮಾತು ನಿಜವೋ ಪರೀಕ್ಷೆ ಮಾಡಿಯೇ ನೋಡೋಣ, ಕುದುರೆಯನ್ನು ಒಳಗೇ ಕಟ್ಟಿ, ಹುಲ್ಲು ಕೊಡವಿ ಹಾಕಿ ಎಂದರು. ಮಾವನಿಗೆ ಮನಸ್ಸಿರಲಿಲ್ಲ, ಆದರೂ ಕಟ್ಟಿದರು. ಡಾಕ್ಟರು ನಮ್ಮಲ್ಲೇ ಮುದ್ದೆ, ಸೊಪ್ಪಿನ ಸಾರು ಉಂಡು ಜಗಲಿಯ ಮೇಲೆ ನಿದ್ದೆ ಹೊಡೆದರು. ಹೊತ್ತು ಇಳಿಯುವಾಗ ಅವರನ್ನು ಎಬ್ಬಿಸಿದ್ದು ಕುದುರೆಯ ಕೆಮ್ಮು. ಅವರು ಪಕ್ಕೆಗೆ ಕಿವಿಯಿಟ್ಟು ಕೇಳಿ, ನನ್ನನ್ನೂ ಕರೆದು ಕೇಳಿಸಿದರು. ನನ್ನ ಎದೆಯ ಸೀಟಿ ಆ ದೊಡ್ಡ ಮೈಯೊಳಗಿಂದ ಬರುತ್ತಿತ್ತು. ನನಗೆ ಅಳು ಬಂತು. ಅದಕ್ಕೆ ಹೇಳಲು ಬಾಯಿರಲಿಲ್ಲ, ನಾನು ಬಾಯಿದ್ದೂ ಸುಮ್ಮನಿದ್ದೆ.

ಇದು ಕುದುರೆಯ ಉಬ್ಬಸ, ಗುಂಡು ಬೇಡ ಎಂದು ಡಾಕ್ಟರು ತೀರ್ಮಾನ ಹೇಳಿದರು. ಪೂರ್ತಿ ವಾಸಿಯಾಗುವುದಿಲ್ಲ, ಆದರೆ ಬಯಲಲ್ಲಿ ಕಟ್ಟಿ, ಹಸಿ ಹುಲ್ಲು ಹಾಕಿ, ಒಣ ಹುಲ್ಲಾದರೆ ನೀರಲ್ಲಿ ನೆನೆಸಿ ಕೊಟ್ಟರೆ ವರ್ಷಗಟ್ಟಲೆ ಬಾಳುತ್ತದೆ. ಹೊಟ್ಟೆಯ ಗೆರೆಯೋ, ಉಸಿರು ತಳ್ಳಿ ತಳ್ಳಿ ಅಲ್ಲಿನ ಮಾಂಸ ಗಟ್ಟಿಯಾಗಿ ಮೂಡಿದ್ದು. ಸೇಲಂನಲ್ಲಿ ಕೊಳ್ಳುವಾಗಲೇ ರೋಗ ಇತ್ತು ಎಂದಂತಾಯಿತು. ಗ್ಲ್ಯಾಂಡರ್ಸ್ ಮಾತಿಗಿಂತ ಮಾವನಿಗೆ ಇದೇ ಹೆಚ್ಚು ನೋವಾಯಿತೆಂದು ಕಾಣುತ್ತದೆ. ಗೆರೆಯ ಮೇಲೆ ಒಂದು ಸಲ ಬೆರಳಾಡಿಸಿ ಒಳಗೆ ಹೋದರು. ನನ್ನ ಕಡೆ ನೋಡಲಿಲ್ಲ. ನಾನು ಮನಸ್ಸಿನಲ್ಲೇ ಟ್ರಂಕು ಕಟ್ಟಿಟ್ಟೆ.

ಮರುದಿನ ಬೆಳಿಗ್ಗೆ ಹುಣಸೆಮರದ ಕಡೆಯಿಂದ ಹೊಸ ಪ್ರಶ್ನೆ ಕೇಳಿಸಿತು. "ಉಸ್ರು ಎಂಗೈತಪ್ಪಾ?" ಆಮೇಲೆ ಹೆಜ್ಜೆ ಸಪ್ಪಳ ಅಡುಗೆಮನೆಯ ಬಾಗಿಲವರೆಗೆ ಬಂತು. ಮಾವ ಗೋಡೆಯ ಕಡೆ ಮುಖ ಮಾಡಿ ನಿಂತು, ಅತ್ತೆಯ ಮೂಲಕವಲ್ಲ, ನನ್ನನ್ನೇ ಕೇಳಿದರು. "ನಿಂದು ಎಂಗೈತವ್ವಾ?"

ಲಾಯ ಗುಡಿಸುವ ಕೆಲಸ ಅವತ್ತಿನಿಂದ ಅವರದಾಯಿತು. ಪ್ರಶ್ನೆ ದಿನವೂ ಬಂತು, ಮೊದಲು ಕುದುರೆಗೆ, ಆಮೇಲೆ ನನಗೆ. ಯಾವತ್ತೂ ನಾನೇ ಎರಡನೆಯವಳು ಎಂದು ಅತ್ತೆಯ ಹತ್ತಿರ ಗೊಣಗಿದ್ದಕ್ಕೆ ಲೆಕ್ಕವಿಲ್ಲ.

ಕುದುರೆ ಇನ್ನೂ ಕೆಲವು ವರ್ಷ ಬಾಳಿ, ಮುದಿಯಾಗಿ ಸತ್ತಿತು. ಅದರ ಮಾರನೇ ಬೆಳಿಗ್ಗೆ ಮಾವ ಅಭ್ಯಾಸದಂತೆ ಹುಣಸೆಮರದವರೆಗೆ ಹೋದರು. ಅಲ್ಲಿ ನಿಂತು, ತಿರುಗಿ, ಅಡುಗೆಮನೆಯ ಬಾಗಿಲಿಗೆ ಬಂದರು. "ಉಸ್ರು ಎಂಗೈತವ್ವಾ?"

"ಚೆನ್ನಾಗೈತೆ ಮಾವ" ಎಂದೆ. ಅವತ್ತು ಚೆನ್ನಾಗಿರಲಿಲ್ಲ.