ಅಧ್ಯಕ್ಷರ ಗಲ್ಲದ ಮೇಲಿನ ಮೊನೆ

ಕಾಲೇಜಿನಲ್ಲಿ ಅವಳಿಗೆ ಮೊನೆ ಮೇಡಂ ಎಂದೇ ಹೆಸರು. ಗುತ್ತಿಗೆಯ ಗಣಿತ ಲೆಕ್ಚರರ್, ಪ್ರತಿ ಬೇಸಿಗೆಗೂ ಕೆಲಸ ಇದೆಯೋ ಇಲ್ಲವೋ ಎಂದು ಕಾಯುವ ಪೈಕಿ. ಸಮೀಕರಣದಿಂದ ಹುಟ್ಟುವ ಗೆರೆಗಳಲ್ಲಿ ಅಲ್ಲಲ್ಲಿ ಚೂಪು ಮೊನೆಗಳಿರುತ್ತವೆ. ಸಮೀಕರಣವನ್ನು ಒಂಚೂರು ಅಲುಗಿಸಿದರೆ ಕೆಲವು ಕರಗಿಹೋಗುತ್ತವೆ. ಕೆಲವು ಜಪ್ಪಯ್ಯ ಅಂದರೂ ಹೋಗುವುದಿಲ್ಲ, ಬರೀ ಜಾಗ ಬದಲಿಸುತ್ತವೆ. ಯಾವುದು ಉಳಿಯುತ್ತದೆ ಎಂದು ನೋಡುವುದರಲ್ಲೇ ಅವಳ ತಲೆ ನರೆತಿತ್ತು.

"ಅದನ್ನ ನೋಡಿ ಯಾರ ಹೊಟ್ಟೆ ತುಂಬ್ತಮ್ಮ?" ಎಂದು ಅತ್ತೆ ಕೇಳುವಳು.

"ತುಂಬ್ಸೋಕೆ ನಿಮ್ಮ ಮಗ ಇದಾರಲ್ಲ ಅತ್ತೆ." ಮಗರಾಯ ಆಗ ಫ್ಯಾನು ನೋಡುತ್ತಿದ್ದ.

ಹೀಗಿರುವಾಗ ಆಡಳಿತ ಮಂಡಳಿಯ ಅಧ್ಯಕ್ಷರು ಸಭೆಯ ಕೋಣೆಗೆ ಕನ್ನಡಿಯಂತೆ ಹೊಳೆಯುವ, ಒಳಕ್ಕೆ ಬಾಗಿದ ಸ್ಟೀಲ್ ಗೋಡೆ ಹಾಕಿಸಿದರು. ಕಿಟಕಿಯ ಬಿಸಿಲು ಅದಕ್ಕೆ ಬಡಿದು, ಲೋಟದ ತಳದಲ್ಲಿ ಕಾಣುವಂತೆ ಎರಡು ಬೆಳಕಿನ ಗೆರೆಗಳು ಕೂಡಿ ಮೊನೆಯಾಗಿ, ನೇರ ಅಧ್ಯಕ್ಷರ ಗಲ್ಲಕ್ಕೆ ಬಂದು ಕೂತವು. ಕಿಟಕಿಗೆ ಪರದೆ ಹಾಕಿಸುವ ಮಾತೆತ್ತಿದವನಿಗೆ ಅವರು, "ಹೊಳೀಲಿ ಅಂತ ಹಾಕ್ಸಿದ್ದು ಕಣಯ್ಯಾ" ಎಂದು ಗದರಿದರು. ಮೇಡಂಗೆ ಕರೆ ಹೋಯಿತು.

"ನೀವು ಓದಿರೋದೇ ಇದನ್ನಂತೆ. ತೆಗೆಸಿಬಿಡಿ. ಈ ವರ್ಷವೇ ಕೆಲಸ ಕಾಯಂ."

"ಸ್ವಲ್ಪ ಬಗ್ಗಿಸಿದ್ರೆ ಜರುಗುತ್ತೆ ಸಾರ್, ಹೋಗಲ್ಲ. ಗೋಡೇನ ಪೂರ್ತಿ ಚಪ್ಪಟೆ ಮಾಡ್ಬೇಕು."

"ಚಪ್ಪಟೆ ಗೋಡೆ ನಮ್ಮ ಕೊಟ್ಟಿಗೇಲೂ ಇದೆ. ಬಗ್ಸಿ."

ವೆಲ್ಡಿಂಗಿನವನು ಬಂದು ಮರದ ಸುತ್ತಿಗೆಯಿಂದ ಅಂಚು ತಟ್ಟಿದ. ಮೊನೆ ಖಜಾಂಚಿಯ ಬೋಳುತಲೆಗೆ ಹೋಯಿತು. ಖಜಾಂಚಿ ಎದ್ದು ಕೂಗಾಡಿದ. ಇನ್ನೆರಡು ಪೆಟ್ಟು ಬಿದ್ದಾಗ ಅದು ಕಾರ್ಯದರ್ಶಿಯ ಮೀಸೆಯಲ್ಲಿತ್ತು. ಯಾರ ಮುಖದಲ್ಲಿರಬೇಕೆಂದು ಕೈಯೆತ್ತಿಸಿ ಮತ ಹಾಕಿಸಿದರು. ಆ ದಿನ ರಜೆ ಹಾಕಿದ್ದ ಸದಸ್ಯ ಬಹುಮತದಿಂದ ಆಯ್ಕೆಯಾದ. ಅವನ ಖಾಲಿ ಕುರ್ಚಿಗೆ ಮೊನೆ ಸೇರಿಸಿ ಎಲ್ಲರೂ ಉಸಿರು ಬಿಡುವಷ್ಟರಲ್ಲಿ ಬಿಸಿಲು ಸರಿದು, ಅದು ಮರಳಿ ಅಧ್ಯಕ್ಷರ ಬಳಿಗೇ ಬಂತು.

"ಹೋಯ್ತು ಅಂದ್ಬಿಡೆ, ನಿನ್ನ ಗಂಟೇನು ಹೋಗುತ್ತೆ?" ಎಂದ ಗಂಡ ಆ ರಾತ್ರಿ. ಅವಳಿಗೂ ಹಾಗೇ ಅನಿಸಿತ್ತು. ಮಾರನೆಯ ದಿನ ಮೆಟ್ಟಿಲು ಹತ್ತುತ್ತ 'ಹೋಯ್ತು ಸಾರ್' ಎಂದು ಬಾಯೊಳಗೇ ಹೇಳಿಕೊಂಡಳು. ಒಳಗೆ ಅಧ್ಯಕ್ಷರು ಒಂದು ಕಣ್ಣು ಮುಚ್ಚಿಕೊಂಡು ಕೂತಿದ್ದರು.

"ನೋಡಿ ಹೇಳಿ ಮೇಡಂ. ಹೋಯ್ತಲ್ಲ?"

ನೋಡಿದಳು. ನೋಡಿದ್ದೇ ತಪ್ಪಾಯಿತು.

"ಇಲ್ಲ ಸಾರ್. ನಿಮ್ಮ ಎಡಗಣ್ಣಲ್ಲಿದೆ. ಆ ಕಡೆ ಜರುಗಿ ಕೂತ್ಕೊಳ್ಳಿ."

"ನಾನು ಜರುಗ್ಬೇಕಾ?"

"ಅದು ಆಗ್ಲಿಂದ ಜರುಗ್ತಾನೇ ಇದೆ ಸಾರ್, ಪಾಪ."

ಕಾಯಂ ಕೆಲಸ ಸ್ಟ್ಯಾಟಿಸ್ಟಿಕ್ಸ್ ಲೆಕ್ಚರರಿಗೆ ಸಿಕ್ಕಿತು. ಅವನು ಬಾಗಿಲಲ್ಲೇ ನಿಂತು, ಒಳಗೆ ಇಣುಕದೆ, "ಹೋಯ್ತು ಸಾರ್" ಎಂದಿದ್ದ. ಗುತ್ತಿಗೆ ಮುಗಿದ ಮೇಡಂ ಪುಸ್ತಕದ ಡಬ್ಬ ಹೊತ್ತು ಹೊರಟಾಗ ಒಳಗೆ ಅವನಿಗೆ ಅಭಿನಂದನೆಯ ಠರಾವು ನಡೆಯುತ್ತಿತ್ತು. ಸದಸ್ಯರೆಲ್ಲ ಒಂದು ಕೈ ಒಪ್ಪಿಗೆಗೆ ಎತ್ತಿ, ಇನ್ನೊಂದನ್ನು ಕಣ್ಣಿಗೆ ಅಡ್ಡ ಹಿಡಿದಿದ್ದರು.